ವಂಶದ ಹಲ್ಲು

ಆಗಸ್ಟ್ 4, ಸೋಮವಾರ. ಸಂಜೆ

ಶ್ರಾವಣದ ಎರಡನೇ ಸೋಮವಾರ. ಉಪವಾಸ. ಪೂಜೆ ಮುಗಿಸಿ ಪಾವಗಡದ ಬಸ್ ಸ್ಟ್ಯಾಂಡಿಗೆ ಓಡುವಷ್ಟರಲ್ಲಿ ನಮ್ಮ ಶಾಲೆಗೆ ಹೋಗುವ ತಿರುಮಣಿ ಕಡೆಯ ಬಸ್ಸು ಹೊರಟೇಬಿಟ್ಟಿತ್ತು. ಕಂಡಕ್ಟರ್ ನೋಡಿ ನಿಲ್ಲಿಸಿದ. "ಹಣೆ ಮ್ಯಾಲಿನ ಇಬೂತಿ ಕಾಣ್ತು ಕಣಮ್ಮ, ಅದ್ಕೇ ಬೆಲ್ ಹೊಡ್ದೆ" ಅಂದ.

ಸ್ಮಾರ್ಟ್ ಬೋರ್ಡಿನಲ್ಲಿ ಇವತ್ತು ನನ್ನ ಮೊದಲ ಪಾಠ. ನಿಸರ್ಗದ ಆಯ್ಕೆ. ಪಠ್ಯದಲ್ಲಿಲ್ಲ, ತರಬೇತಿಯಲ್ಲಿ ಕೊಟ್ಟದ್ದು. ಗಣಿತದ ಅತಿಥಿ ಶಿಕ್ಷಕಿ ಪ್ರಿಯಾಂಕ ಬೋರ್ಡು ಆನ್ ಮಾಡಿಕೊಟ್ಟಳು. ನನಗಿನ್ನೂ ಅದು ಬರುವುದಿಲ್ಲ. ಪರದೆ ತುಂಬ ಒಣಗಿದ ಹೊಲ. ಅದರಲ್ಲಿ ಹಸಿರು ಮಿಡತೆ, ಕಂದು ಮಿಡತೆ. ಎಂಟನೇ ಕ್ಲಾಸಿನ ಮಕ್ಕಳೇ ಹಕ್ಕಿಗಳು. ಬೆರಳಿಟ್ಟರೆ ತಿಂದ ಹಾಗೆ. ಹಸಿರಿನವು ಬೇಗ ಕಣ್ಣಿಗೆ ಬಿದ್ದು ಖಾಲಿಯಾದವು. ಕಂದಿನವು ಉಳಿದು ಮರಿ ಮಾಡಿದವು. ಮರಿಗಳೂ ಕಂದು.

ಅನುಷಾ ಎದ್ದು ನಿಂತಳು. ಊರಾಚೆಯ ಕಾಲನಿ ಹುಡುಗಿ, ಬಾಯಿ ಜೋರು, ಆಗಸ್ಟ್ ಹದಿನೈದರ ಭಾಷಣ ಅವಳದ್ದೇ. "ಮಿಸ್, ಮಳೆ ಬಂದು ಹೊಲ ಹಸ್ರಾಗ್ಬುಟ್ರೆ?"

"ನೀನೇ ಹೇಳು."

"ಕಂದು ಮಿಡ್ತೆಗೆ ತಿಥಿ!"

ಕ್ಲಾಸೆಲ್ಲ ನಕ್ಕಿತು. ಒಂದು ಗಂಟೆಯ ಪಾಠವನ್ನು ಒಂದೇ ಮಾತಲ್ಲಿ ಹೇಳಿಬಿಟ್ಟಳು.

ಮನೆಯಲ್ಲಿ ಇವರು ರೇಗಿಸಿದರು. "ಬೆಳಿಗ್ಗೆ ಶಿವನೇ ಎಲ್ಲಾ ಮಾಡ್ದ ಅಂತ ಪೂಜೆ. ಮಧ್ಯಾಹ್ನ ಎಲ್ಲಾ ತಾನೇ ಆಯ್ತು ಅಂತ ಪಾಠ. ಸಂಬಳ ಯಾವ್ದಕ್ಕೆ?" ಅವನು ಮಾಡಿಟ್ಟ ರೀತಿಯೇ ಇದು ಅಂತ ಯಾಕೆ ಅಂದುಕೊಳ್ಳಬಾರದು ಅಂದೆ. ಅಂದಮೇಲೆ ನನಗೇ ಸಮಾಧಾನವಾಯಿತು.

ಆಗಸ್ಟ್ 5, ಮಂಗಳವಾರ

ಇವತ್ತಿನದು ಇನ್ನೂ ಚೆನ್ನಾಗಿ ಬಂತು. ಒಂದೇ ಜಾತಿಯ ಪ್ರಾಣಿಗಳಲ್ಲೂ ಒಂದರಂತೆ ಒಂದಿರುವುದಿಲ್ಲ ಅಂತ ತೋರಿಸಬೇಕಿತ್ತು. ಮಿಡತೆ ಯಾಕೆ, ನಮ್ಮ ಮಕ್ಕಳನ್ನೇ ತೋರಿಸೋಣ ಅನ್ನಿಸಿತು. ಪ್ರಿಯಾಂಕ ಟ್ಯಾಬ್ ಹಿಡಿದಳು, ಅದರ ಕ್ಯಾಮೆರಾದಲ್ಲಿ ಕಂಡದ್ದೆಲ್ಲ ಬೋರ್ಡಿನ ಮೇಲೆ. ಅಂಟಿದ ಕಿವಿ, ಬಿಟ್ಟ ಕಿವಿ. ನಾಲಿಗೆ ಮಡಿಸುವವರು, ಬಾರದವರು. ಗುಂಗುರು ಕೂದಲು. ಆಮೇಲೆ ಅನುಷಾಳನ್ನು ಕರೆದೆ. "'ಈ' ಅನ್ನಮ್ಮ" ಅಂದೆ. ಬಾಯಿ ತೆರೆದು "ಈ" ಅಂದಳು. ಬೋರ್ಡಿನಗಲ ಹಲ್ಲು. ಕಂದು ಗೆರೆ, ಚುಕ್ಕೆ, ಒಂದು ಕಡೆ ಸವೆದಿದೆ.

"ನಿಮ್ಮಮ್ಮಂಗೂ ಹಿಂಗೇ ತಾನೆ?" ತಲೆಯಾಡಿಸಿದಳು. "ನಿಮ್ಮ ಕಡೆಯವರಿಗೆಲ್ಲ ಇದೆ. ನೋಡಿ ಮಕ್ಕಳೇ, ವಂಶದಿಂದ ಬರೋದು ಅಂದ್ರೆ ಇದು. ತಾಯಿಯಿಂದ ಮಗಳಿಗೆ."

ಪ್ರಿಯಾಂಕ ಎಲ್ಲವನ್ನೂ ವಿಡಿಯೋ ಮಾಡಿದ್ದಾಳೆ. ಹೆಡ್ ಮಾಸ್ಟರ್ ರೇಣುಕಯ್ಯನವರು ನೋಡಿ ಶಾಲೆಯ ಗ್ರೂಪಿಗೆ ಹಾಕಿದರು.

ಅನುಷಾ ಜಾಗಕ್ಕೆ ಹೋಗುವಾಗ ತುಟಿ ಬಿಗಿ ಹಿಡಿದಿದ್ದಳು. ನಾಚಿಕೆ ಇರಬೇಕು.

ಆಗಸ್ಟ್ 7, ಗುರುವಾರ

ವಿಡಿಯೋ ನಾಲ್ಕು ತಾಲೂಕಿನ ವಿಜ್ಞಾನ ಶಿಕ್ಷಕರ ಗ್ರೂಪಿಗೂ ಹೋಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲ ಕಡೆಯಿಂದ ಚಪ್ಪಾಳೆ, ಹೂವಿನ ಗುರುತು. ಇಪ್ಪತ್ತನೇ ತಾರೀಕು ಮಧುಗಿರಿಯ ಸಭೆಯಲ್ಲಿ ಮಾದರಿ ಪಾಠ ಅಂತ ತೋರಿಸುತ್ತಾರಂತೆ. "ನಮ್ ಸರ್ವಮಂಗಳಾ ಮೇಡಂ ಐವತ್ತರಲ್ಲಿ ಫೇಮಸ್ ಆದ್ರು" ಅಂತ ರೇಣುಕಯ್ಯನವರು ಎಲ್ಲರಿಗೂ ಟೀ ಕೊಡಿಸಿದರು.

ಪುನರಾವರ್ತನೆಗೆ ಕ್ಲಾಸಿನಲ್ಲಿ ಅದನ್ನೇ ಹಾಕಿದೆ. ಹಲ್ಲು ಬಂದಾಗ ಮೇಲಿನ ಬೀದಿಯ ಯಶಸ್ವಿನಿ ಕೇಳಿದಳು, "ಮಿಸ್, ಅಂಗಾದ್ರೆ ಹಸ್ರು ಮಿಡ್ತೆ ತರ ಅನುಷನ ವಂಶನೂ ಖಾಲಿ ಆಗುತ್ತಾ?"

ಎಲ್ಲರೂ ನಕ್ಕರು. ನನಗೂ ಸ್ವಲ್ಪ ನಗು ಬಂತು... ಬಂತು. ಸುಮ್ನಿರ್ರೇ ಅಂದೆ. ಇಲ್ಲ ಅಂತ ಹೇಳಲಿಲ್ಲ.

ಆಗಸ್ಟ್ 12, ಮಂಗಳವಾರ. ಸಂಜೆ

ಶುಕ್ರವಾರದಿಂದ ಅನುಷಾ ಬಂದಿಲ್ಲ. ಭಾಷಣದ ಕತೆ ಏನು ಅಂತ ಕೇಳಲು ಶಾಲೆ ಬಿಟ್ಟ ಮೇಲೆ ಕಾಲನಿಗೆ ಹೋದೆ. ಇಷ್ಟು ವರ್ಷದಲ್ಲಿ ಅಲ್ಲಿಗೆ ಹೋಗಿದ್ದು ಜನಗಣತಿಗೆ, ಓಟರ್ ಲಿಸ್ಟಿಗೆ. ಬಾಗಿಲಲ್ಲೇ ನಿಂತು ಬಂದದ್ದು.

ತಾಯಿ ಕೂಲಿಗೆ ಹೋಗಿದ್ದಳು. ಅಜ್ಜಿ ಚಿಕ್ಕಹನುಮಕ್ಕ ಇದ್ದರು. ಸೊಂಟದಿಂದ ಬಗ್ಗಿಹೋದ ಮೈ. ನನ್ನ ಮುಖ ನೋಡಲು ಕತ್ತು ಓರೆ ಮಾಡಬೇಕು.

"ಬನ್ನಿ ಮೇಡಮ್ಮಾರೆ, ಕುಂತ್ಕಳಿ. ನೀರು..." ಅಂದವರು ತಾವೇ ತಡೆದರು. "ನಿಮ್ತಾವ ಬಾಟ್ಲಿ ಐತಲ್ಲ, ಬುಡಿ."

ಬಾಟ್ಲಿ ಇತ್ತು. ಕೊಡಿ ಅನ್ನಬಹುದಿತ್ತು. ಅನ್ನಲಿಲ್ಲ.

"ಅನುಷಾ ಯಾಕಮ್ಮ ಬರ್ತಿಲ್ಲ?"

"ಹೊಟ್ಟೆನೋವು ಅಂತಾಳೆ. ಹೊಟ್ಟೆದೋ ಬಾಯ್ದೋ ಆ ಸಿವುನ್ಗೇ ಗೊತ್ತು. ಉಣ್ಣಾಗ್ಲೂ ಕೈ ಅಡ್ಡ ಇಟ್ಕಂತಾಳೆ. ಅಜ್ಜೀ, ನಮ್ದು ಕೆಟ್ಟ್ ವಂಸವಾ ಅಂತಾಳೆ. ಯಾರ್ಲೇ ಹಂಗಂದೋರು ಅಂದೆ. ಮಿಸ್ಸು ಅಂದ್ಲು. ಮಿಸ್ಸೇ ಹೇಳಿದ್ಮ್ಯಾಲೆ ಆಯ್ತಲ್ಲ, ನಾನೇನು ಹೇಳಾನ?"

ಕೋಪವಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಮಾತು ತಿರುಗಿಸಲು ತವರು ಯಾವ ಕಡೆ ಅಂತ ಕೇಳಿದೆ. "ಕೊರಟಗೆರೆ ತಾವ. ಬೆಟ್ಟದ್ ಬುಡುದ್ ಬಾವಿ ನೀರು ಕುಡ್ದು ನೆಟ್ಟಗೆ ಬೆಳ್ದಿದ್ದೆ ಕಣಮ್ಮ. ಈ ಊರ್ಗೆ ಬಂದು ಬಗ್ಗೋದೆ. ಈಗ ಮುಗ್ಲು ನೋಡ್ಬೇಕು ಅಂದ್ರೆ ಅಂಗಾತ ಮನೀಕಬೇಕು!" ಅಂತ ಬಾಯ್ತುಂಬ ನಕ್ಕರು.

ಆಗ ನೋಡಿದೆ. ಉಳಿದಿರುವುದು ಕೆಲವೇ ಹಲ್ಲು. ಅಕ್ಕಿಯಂತೆ ಬೆಳ್ಳಗಿವೆ.

ಇದೇ ಊರಲ್ಲಿ ಹುಟ್ಟಿದ ಮಗಳಿಗೆ ಕಂದು. ಮೊಮ್ಮಗಳಿಗೆ ಕಂದು. ಇವರಿಗಿಲ್ಲ. ನಾನೂ ಕೊರಟಗೆರೆ ಕಡೆಯವಳು. ನನಗೂ ಇಲ್ಲ.

ನೀರಿನ ಫ್ಲೋರೈಡ್. ಹಲ್ಲು ಮೂಡುವಾಗ ಕುಡಿದರೆ ಹಲ್ಲಿಗೆ, ಆಮೇಲೂ ಕುಡಿಯುತ್ತಿದ್ದರೆ ಮೂಳೆಗೆ. ಗೊತ್ತಿಲ್ಲದವಳಲ್ಲ ನಾನು. ಅಂಥ ಹಲ್ಲಿನ ಚಿತ್ರ ನಮ್ಮ ಶಾಲೆಯ ಗೋಡೆ ಮೇಲೇ ಇದೆ. ಹೋದ ವರ್ಷ ದಂತ ತಪಾಸಣೆಗೆ ಡಾಕ್ಟರು ಬಂದಾಗ ಯಶಸ್ವಿನಿಯ ಹಲ್ಲಿನ ಕಲೆ ನೋಡಿ ಅವಳಮ್ಮ ಅತ್ತರು. ನಾನೇ ಹೇಳಿದ್ದೆ: "ಬೋರ್‌ವೆಲ್ ನೀರಿಂದು ಕಣ್ರೀ, ಹುಟ್ಟಿಂದಲ್ಲ, ಹೆದರ್ಬೇಡಿ." ಅದೇ ಕಲೆ. ಅವಳಿಗೆ ನೀರು. ಇವಳಿಗೆ ವಂಶ.

ಆಗಸ್ಟ್ 13, ಬುಧವಾರ. ಬೆಳಿಗ್ಗೆ

ಇಷ್ಟಲಿಂಗ ಅಂಗೈ ಮೇಲಿಟ್ಟುಕೊಂಡು ಕೂತರೆ ದೃಷ್ಟಿ ನಿಲ್ಲುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಮಗು "ಈ" ಅಂತ ಬಾಯಿ ತೆರೆಯುತ್ತದೆ. ಹೇಳಿದ ತಕ್ಷಣ ತೆರೆದಳಲ್ಲ. ಎಷ್ಟು ನಂಬಿಕೆ.

ಆಗಸ್ಟ್ 14, ಗುರುವಾರ

ರೇಣುಕಯ್ಯನವರಿಗೆ ಹೇಳಿದೆ. ವಿಡಿಯೋ ತೆಗೆಸಿ ಸಾರ್, ಪಾಠ ತಪ್ಪಾಗಿದೆ.

"ಏನ್ ತಪ್ಪು?"

ಹೇಳಿದೆ. ವಂಶದಿಂದ ಬಂದ ವ್ಯತ್ಯಾಸವನ್ನು ಮಾತ್ರ ನಿಸರ್ಗ ಆರಿಸುವುದು. ನೀರಿನಿಂದ ಬಂದದ್ದನ್ನು ವಂಶ ಅಂದುಬಿಟ್ಟೆ. ಬುಡವೇ ತಪ್ಪು.

"ಅಷ್ಟೇನಾ! ಒಂದ್ ಮಾತು ಹೆಚ್ಚುಕಮ್ಮಿ. ಮೇಡಂ, ಮಾಯ್ತಿರೋ ಗಾಯಾನ ಯಾಕ್ ಕೆರ್ಕೊಂತೀರಾ? ಮಧುಗಿರಿಗೆ ಹೆಸ್ರು ಕೊಟ್ಟಾಗಿದೆ. ಹಲ್ ಬಿಟ್ರೆ ಮುಖನೂ ಕಾಣಲ್ಲ ಅದ್ರಲ್ಲಿ. ಯಾರ್ದು ಅಂತ ಯಾರಿಗ್ ಗೊತ್ತು?"

"ಅವಳಿಗೆ ಗೊತ್ತು ಸಾರ್."

"ಮಕ್ಳು ಮರೀತಾವೆ ಬುಡಿ. ನಾಳೆ ಲಡ್ಡು ಕೊಟ್ರೆ ಸರಿಹೋಗ್ತಾಳೆ."

ಜಗಳ ಆಡಬೇಕಿತ್ತು. ಲಡ್ಡು ಎಷ್ಟು ತರಿಸಿದ್ದೀರಿ ಅಂತ ಕೇಳಿ ಬಂದೆ.

ಆಗಸ್ಟ್ 16, ಶನಿವಾರ

ನಿನ್ನೆ ಬಾವುಟ ಹಾರಿತು. ಅನುಷಾ ಬರಲಿಲ್ಲ. ಭಾಷಣ ಯಶಸ್ವಿನಿ ಓದಿದಳು, ಚೀಟಿ ನೋಡಿಕೊಂಡು.

ಇವತ್ತು ಕ್ಲಾಸಿನಲ್ಲಿ ತಿದ್ದಿದೆ. ತಿದ್ದಿದೆ ಅಂತ ಬರೆಯುವುದೂ ಸುಳ್ಳು. "ಹಲ್ಲಿನ ಕಲೆಗೆ ನೀರೂ ಕಾರಣ ಇರಬಹುದು ಮಕ್ಕಳೇ" ಅಂದೆ. ನೀರೂ. ಇರಬಹುದು. ಹೇಳುವಾಗ ಕಿಟಕಿ ನೋಡುತ್ತಿದ್ದೆ.

ಆಗಸ್ಟ್ 18, ಸೋಮವಾರ

ಶ್ರಾವಣದ ಕೊನೆಯ ಸೋಮವಾರ. ಬಿಲ್ವಪತ್ರೆ ಏರಿಸಿದೆ, ಮಂತ್ರ ಹೇಳಿದೆ. ಕೈ ಮಾಡಿತು, ಬಾಯಿ ಹೇಳಿತು, ಅಷ್ಟೆ.

ಅನುಷಾ ಬಂದಿದ್ದಳು. ಹಿಂದಿನ ಬೆಂಚು. ವೇಲನ್ನು ಮೂಗಿನವರೆಗೆ ಎಳೆದುಕೊಂಡು. ಹಾಜರಿ ಕೂಗಿದರೆ ಕೈ ಎತ್ತಿದಳು. ಊಟದ ಬಿಡುವಿನಲ್ಲಿ ಅಡುಗೆಮನೆಯ ಹಿಂದೆ, ಸೌದೆ ಒಟ್ಟಿದಲ್ಲಿ, ಯಾರೂ ಇಲ್ಲದ ಕಡೆ ಕರೆದು ಹೇಳಿದೆ. ಅದು ವಂಶದ್ದಲ್ಲ ಕಣಮ್ಮ, ನೀರಿಂದು. ಮಿಸ್ ತಪ್ಪು ಹೇಳಿದೆ. ನಿನಗೆ ಹುಟ್ಟುವ ಮಗುವಿಗೆ ಅದು ಬರಲ್ಲ, ಒಳ್ಳೆ ನೀರು ಕುಡಿದು ಬೆಳೆದರೆ ಸಾಕು.

ಕೇಳಿಸಿಕೊಂಡಳು. ವೇಲಿನ ಒಳಗಿಂದಲೇ ಅಂದಳು, "ಅವತ್ತು ಬೋರ್ಡ್ ಮ್ಯಾಲೆ ಎಲ್ರ ಮುಂದೆ ಹೇಳುದ್ರಿ. ಇವತ್ತು ಸೌದೆ ಸಂದೀಲಿ ಹೇಳ್ತೀರಲ್ಲ ಮಿಸ್."

ಆಗಸ್ಟ್ 20, ಬುಧವಾರ. ವಾಪಸ್ ಬಸ್ಸಿನಲ್ಲಿ

ಮಧುಗಿರಿ. ಸಭಾಂಗಣದ ತುಂಬ ಶಿಕ್ಷಕರು. ಹೇಳಿಯೇ ಬಿಡುತ್ತೇನೆ ಅಂತ ಪಂಚಾಕ್ಷರಿ ಜಪಿಸಿಕೊಂಡು ಹೋಗಿದ್ದೆ.

ವಿಡಿಯೋ ಹಾಕಿದರು. ನಮ್ಮ ಬೋರ್ಡಿಗಿಂತ ದೊಡ್ಡ ಪರದೆ. ಹಲ್ಲು ಬಂತು. ಪಕ್ಕದ ಕುರ್ಚಿಯ ಮೇಡಂ ಬಗ್ಗಿ ಪಿಸುಗುಟ್ಟಿದರು, "ಅಯ್ಯೋ, ಕಾಲನಿ ಮಗೂನಾ ರೀ?" ನಾನು ಹೂಂ ಅಂದೆ. ಅವರು, "ಅದೇ ಅನ್ಕಂಡೆ" ಅಂದರು.

ವೇದಿಕೆಗೆ ಕರೆದರು. ಶಾಲು ಹೊದಿಸಿದರು. ಮೈಕ್ ಕೊಟ್ಟರು. "ಎಲ್ಲರಿಗೂ ವಂದನೆ" ಅಂದೆ. ವಾಪಸ್ ಕೊಟ್ಟೆ.

ಶಾಲು ಬ್ಯಾಗಿನಲ್ಲಿದೆ. ಮುಟ್ಟಲು ಮನಸ್ಸಿಲ್ಲ.

ಆಗಸ್ಟ್ 21, ಗುರುವಾರ

ಇವತ್ತು ಯಾರನ್ನೂ ಕೇಳಲಿಲ್ಲ. ಎರಡನೇ ಪೀರಿಯಡ್. ಬೋರ್ಡು ನಾನೇ ಆನ್ ಮಾಡಿದೆ. ವಿಡಿಯೋ ಹಾಕಿದೆ, ಅನುಷಾಳ ಬಾಯಿ ಬರುವ ಮುಂಚೆ ಚಿತ್ರ ಮುಚ್ಚಿ ನನ್ನ ದನಿ ಮಾತ್ರ ಕೇಳಿಸಿದೆ. "ವಂಶದಿಂದ ಬರೋದು ಅಂದ್ರೆ ಇದು." ನಿಲ್ಲಿಸಿದೆ.

"ಇದು ತಪ್ಪು. ಮಿಸ್ ಹೇಳಿದ್ದು ತಪ್ಪು. ನಿಮ್ಮಮ್ಮ ಕಿವಿ ಚುಚ್ಚಿಸ್ಕೊಂಡಿದ್ದಾರೆ. ನೀವು ತೂತು ಇರೋ ಕಿವಿ ಹೊತ್ಕೊಂಡು ಹುಟ್ಟಿದ್ರಾ?"

"ಇಲ್ಲಾ ಮಿಸ್!"

"ಹಾಗೇ ಇದು. ಹಲ್ಲು ಮೂಡೋ ವಯಸ್ಸಲ್ಲಿ ಕುಡಿದ ನೀರಿನ ಕಲೆ. ಅನುಷಾಗೂ ಅದೇ, ಯಶಸ್ವಿನಿಗೂ ಅದೇ. ಹೋದ ವರ್ಷ ಯಶಸ್ವಿನಿಗೆ ನೀರು ಅಂದೆ. ಈ ವರ್ಷ ಅನುಷಾಗೆ ವಂಶ ಅಂದೆ. ಅನುಷಾ, ತಪ್ಪಾಯ್ತಮ್ಮ."

ಯಶಸ್ವಿನಿ ಮುಖ ಕೆಂಪಾಯಿತು. ಆಮೇಲೆ ತಾನಾಗಿ ಅಂದಳು, "ನಂದೂ ಕಂದು ಐತೆ ಮಿಸ್, ಒಳಗಡೆ ಹಲ್ಲು. ನಾನು ಅಷ್ಟಗ್ಲ ನಗಲ್ಲ, ಅದ್ಕೇ ಕಾಣಲ್ಲ."

ಅನುಷಾ ವೇಲು ಸರಿಸಲಿಲ್ಲ. ಗಂಟೆ ಹೊಡೆದ ಮೇಲೆ ಮೇಜಿನ ಹತ್ತಿರ ಬಂದಳು. "ಮಿಸ್, ಮಧುಗಿರೀಲಿ ನೋಡುದ್ರಲ್ಲ, ಅವ್ರಿಗ್ಯಾರು ಹೇಳ್ತಾರೆ? ಅವ್ರೂ ಅವ್ರವ್ರ ಸ್ಕೂಲಲ್ಲಿ ಇಂಗೇ ಪಾಠ ಮಾಡಲ್ವಾ?"

ಕೇಳಬೇಕಾದ್ದನ್ನೇ ಕೇಳುತ್ತಾಳೆ ಹುಡುಗಿ.

ಆಗಸ್ಟ್ 22, ಶುಕ್ರವಾರ. ಸಂಜೆ

ಗ್ರೂಪಿಗೆ ಹಾಕಿದೆ. ಮಾದರಿ ಪಾಠ ಅಂತ ತೋರಿಸಿದ ನನ್ನ ವಿಡಿಯೋದಲ್ಲಿ ತಪ್ಪಿದೆ. ಆ ಮಗುವಿನ ಹಲ್ಲು ಫ್ಲೋರೈಡ್ ನೀರಿನಿಂದ ಆದದ್ದು, ಹುಟ್ಟಿನಿಂದ ಬಂದದ್ದಲ್ಲ. ದಯವಿಟ್ಟು ಅಳಿಸಿ, ಯಾರಿಗೂ ತೋರಿಸಬೇಡಿ. ಕೆಳಗೆ ನನ್ನ ಹೆಸರು, ಶಾಲೆ ಎಲ್ಲ ಹಾಕಿದೆ.

ರೇಣುಕಯ್ಯನವರು ಫೋನ್ ಮಾಡಿ, "ಶಾಲು ಹೊದ್ಸಿದೋರ್ ಮುಖಕ್ಕೇ ಮಸಿ ಬಳಿದ್ಬುಟ್ರಲ್ಲ ಮೇಡಂ" ಅಂದು ಇಟ್ಟರು. ಆಮೇಲೆ ಗ್ರೂಪಿನಲ್ಲಿ ಶಿರಾದ ಮೇಷ್ಟ್ರೊಬ್ಬರು, ದೊಡ್ಡರಂಗಯ್ಯ ಅಂತ, ನಾನು ಕಂಡವರಲ್ಲ, ಬರೆದಿದ್ದಾರೆ:

"ಒಳ್ಳೆಯದು ಮೇಡಂ. ಆದರೆ ಪಾವಗಡದಲ್ಲಿದ್ದು, ವಿಜ್ಞಾನ ಹೇಳುವವರು, ನೀರು ಅಂತ ಗೊತ್ತಿದ್ದೂ ಬಾಯಿಗೆ ವಂಶ ಅಂತ ಯಾಕೆ ಬಂತು?"

ಮಕ್ಕಳಿಗೂ ಅದನ್ನು ಹೇಳಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅವಸರದಲ್ಲಿ ಬಂತು ಅಂತ ಟೈಪ್ ಮಾಡಿದೆ. ಅಳಿಸಿದೆ. ಬಾಯಿ ತಪ್ಪಿ ಅಂತ ಮಾಡಿದೆ. ಅದನ್ನೂ ಅಳಿಸಿದೆ. ಇವರು ದೀಪ ಹಚ್ಚುವ ಹೊತ್ತಾಯಿತು ಅಂತ ಕರೆಯುತ್ತಿದ್ದಾರೆ. ಬರುತ್ತೇನೆ, ತಾಳಿ. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಇಲ್ಲಿ ಬರೆಯಲಾಗದ್ದನ್ನು ಅಲ್ಲಿ ಹೇಗೆ —

ದೊಡ್ಡರಂಗಯ್ಯನವರೇ, ಯಾಕೆಂದರೆ ಆ ಮಗು ಕಾಲನಿಯದು. ಅವರ ಮೈಮೇಲೆ ಏನು ಕಂಡರೂ ಅದು ಹುಟ್ಟಿನಿಂದಲೇ ಬಂದದ್ದು ಅಂತ ನನಗೆ ಚಿಕ್ಕಂದಿನಿಂದ ಕಲಿಸಿದ್ದರು, ನಾನೂ ನಂಬಿದ್ದೆ.