ಲಿಲಾವು ಕೂಗುವವನ ಎದೆ

೧೩ ಜನವರಿ ೧೯೮೬, ಸೋಮವಾರ. ಅಣ್ಣಿಗೇರಿ

ಇವತ್ತೂ ಮೆಣಸಿನಕಾಯಿ. ಮಾರ್ಕೆಟ್ ಯಾರ್ಡಿನ ತುಂಬ ಕೆಂಪು ರಾಶಿ. ಚಹಾ ಕುಡಿದು ಲಿಲಾವು ಶುರು ಮಾಡಿದವನು ಊಟದ ಹೊತ್ತಿನ ತನಕ ಹರಾಜಿನ ದರ ಕೂಗಿದೆ. ಖರೀದಿದಾರರೆಲ್ಲ ಘಾಟಿಗೆ ಮೂಗಿಗೆ ಅರಿವೆ ಕಟ್ಟಿಕೊಂಡು ರಾಶಿಯಿಂದ ರಾಶಿಗೆ ಹೋಗುತ್ತಾರೆ. ನಾನು ಕಟ್ಟಿಕೊಂಡರೆ ಕೂಗುವವರು ಯಾರು?

ಗಂಟಲು ಉಳಿದಿರುವುದು ಜೇಷ್ಠಮಧುವಿನಿಂದ. ಆ ಬೇರಿನ ಒಂದು ಕಡ್ಡಿ ದವಡೆಯಲ್ಲಿ ಇಟ್ಟುಕೊಂಡರೆ ಸಿಹಿ ರಸ ಇಳಿಯುತ್ತಿರುತ್ತದೆ, ದನಿ ಒಡೆಯುವುದಿಲ್ಲ. ದೀಪಾವಳಿಯಿಂದ ಇದೇ ರೂಢಿ. ಈಗ ಸಂಶಿಯಿಂದ ಶಿವಗಂಗವ್ವ ಅದನ್ನೇ ಕುಟ್ಟಿ ಪುಡಿ ಮಾಡಿ ಕಳಿಸುತ್ತಿದ್ದಾಳೆ, ಕಷಾಯಕ್ಕೆ. ಇವತ್ತು ಇನ್ನೊಂದು ಡಬ್ಬಿ ಬಂತು.

ಶಿವಗಂಗವ್ವ… ಸಂಶಿಯ ಬಾಲವಾಡಿ ಶಿಕ್ಷಕಿ. ಗಂಡ ಹೋಗಿ ಎಂಟು ವರ್ಷ. ನನ್ನ ಹೆಂಡತಿ ಕಾಮಣಿ ರೋಗವಾಗಿ ಹೋಗಿ ಆರು. ಅಕ್ಕ ಮಹಾದೇವಕ್ಕ ನಡುವೆ ನಿಂತು ಉಡಿಕೆ ಮಾತು ಮುಗಿಸಿದ್ದಾಳೆ, ಮಾರ್ಚಿಗೆ. ನಲವತ್ತಾರನೇ ವಯಸ್ಸಿನಲ್ಲಿ ಮತ್ತೆ ಮದುವೆ. ಬರೆಯಲೂ ನಾಚಿಕೆ. ಆದರೂ ಬರೆದೆ.

ನನ್ನ ಬಿ.ಪಿ. ಇನ್ನೂ ಇಳಿದಿಲ್ಲವಂತೆ. ಇಲ್ಲಿನ ಡಾಕ್ಟರು ಡಿಸೆಂಬರಿನಲ್ಲಿ ನೀರು ಹೋಗುವ ಗುಳಿಗೆ ಕೊಟ್ಟಿದ್ದರು, ಈಗ ಅದನ್ನೇ ಎರಡು ಮಾಡಿದ್ದಾರೆ. ರಾಶಿ ಬಿಟ್ಟು ಗೋಡೆಯ ಕಡೆ ಓಡುವುದೇ ಕೆಲಸವಾಗಿದೆ. ಚೀಲ ಹೊರುವ ಹಮಾಲರು ನಗುತ್ತಾರೆ.

೧೭ ಜನವರಿ, ಸಂಜೆ

ಒಂದು ವಿಚಿತ್ರ. ಕೂಗುತ್ತಿದ್ದೆ. ಎದೆಯಲ್ಲಿ ಏನೋ ತಪ್ಪಿತು. ಮೆಟ್ಟಿಲಿದೆ ಎಂದು ಕಾಲಿಟ್ಟರೆ ಅಲ್ಲಿ ಇಲ್ಲದಿದ್ದರೆ ಆಗುತ್ತದಲ್ಲ, ಹಾಗೆ. ಆಮೇಲೆ ಒಂದು ದೊಡ್ಡ ಗುದ್ದು. ಮತ್ತೆ ಸರಿ.

ಜೋಳದ ರೊಟ್ಟಿ ಬಿಸಿ ಇರುವಾಗಲೇ ಗಬಗಬ ತಿಂದದ್ದಕ್ಕೆ ಇರಬೇಕು.

೨೪ ಜನವರಿ

ರೊಟ್ಟಿಯಲ್ಲ.

ಇವತ್ತು ರಾಶಿಯ ನಡುವೆ ಸಾಲಾಗಿ ತಪ್ಪಿತು. ತಪ್ಪು, ಗುದ್ದು, ತಪ್ಪು, ಗುದ್ದು. ಕಣ್ಣು ಕತ್ತಲೆ. ಕೂಗುತ್ತಿದ್ದ ದರ ಬಾಯಲ್ಲೇ ಉಳಿಯಿತು. ಹಮಾಲರ ಮುಖಂಡ ಇಮಾಮುದ್ದೀನ ಬಗಲಿಗೆ ಕೈ ಕೊಟ್ಟು ಚೀಲದ ಮೇಲೆ ಕೂರಿಸಿದ. ಇಪ್ಪತ್ತು ವರ್ಷಗಳಿಂದ ಗೆಳೆಯ.

"ಮಡಿವಾಳೆಪ್ಪಾ, ಮಾರಿ ಅಗದಿ ಬಿಳಚೇತಲೇ. ಏನಾತು?"

"ಬಿಸಲು."

"ಜನವರಿ ಬಿಸಲಿಗೆ ಯಾರರೆ ಬೀಳ್ತಾರನು?"

ಸುಳ್ಳು ಅವನಿಗೆ ಗೊತ್ತಾಯಿತು. ಕೇಳಲಿಲ್ಲ. ಸಂಜೆ ಮನೆಗೆ ಬಂದು ನೆನೆಸಿದ ಬಾದಾಮಿ ಕೊಟ್ಟು ಹೋದ. ನಾನೂ ಮೆಡಿಕಲ್ ಅಂಗಡಿಗೆ ಹೋಗಿ ಅಶಕ್ತಿಗೆಂದು ಕೆಂಪು ಟಾನಿಕ್ ತಂದೆ. ವಿಟಮಿನ್ ಗುಳಿಗೆ. ಮೇಲೆ ಗಾಜಿನ ಲೋಟದ ತುಂಬ ಕಷಾಯ, ಜೇಷ್ಠಮಧು ಎದೆಗೂ ತಂಪು ಎಂದು ಯಾರೋ ಹೇಳಿದ್ದರಿಂದ ಎರಡು ಚಮಚ ಹೆಚ್ಚು ಹಾಕಿ.

೨ ಫೆಬ್ರವರಿ, ಭಾನುವಾರ

ಟಾನಿಕ್ ಒಂದು ಬಾಟಲಿ ಮುಗಿಯಿತು. ಎದೆಗೆ ಅದರ ಗೊಡವೆಯೇ ಇಲ್ಲ. ಕಾಲು ಸೋಲುತ್ತವೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಇಲ್ಲಿನ ಡಾಕ್ಟರಿಗೆ ಎದೆಯ ಸುದ್ದಿ ಹೇಳಲಿಲ್ಲ. ಹೇಳಿದರೆ ಅದು ಖರೆಯಾಗುತ್ತದೆ ಎನ್ನಿಸುತ್ತದೆ.

ಶಿವಗಂಗವ್ವನ ಗಂಡ ಹೊಲದಲ್ಲಿ ನಿಂತಲ್ಲೇ ಕುಸಿದು ಹೋದ. ಎದೆ. ನಲವತ್ತೂ ಆಗಿರಲಿಲ್ಲ. ಅದೇ ಹೆಣ್ಣುಮಗಳನ್ನು ಕರೆತಂದು ಮತ್ತೆ ಅದೇ ದಿನ ತೋರಿಸುವುದೇ? ಅಕ್ಕನಿಗೆ ಹೇಳಿದೆ, ಉಡಿಕೆ ಈಗ ಬೇಡ, ಸುಗ್ಗಿ ಜೋರಿದೆ, ಮುಂದೆ ನೋಡೋಣ.

ಅಕ್ಕ ಮೊರ ಕೆಳಗಿಟ್ಟಳು. "ಸುಗ್ಗಿ ಅಂತ. ಲೇ, ನಿನಗ ಹೆಣ್ಣ ನೋಡಾಕ ಎಷ್ಟ ಊರು ತಿರುಗೀನಿ ನಾನು? ಆಕಿಗೆ ಏನಂತ ಹೇಳಲಿ?"

"ಸುಗ್ಗಿ ಅಂತನ ಹೇಳು."

ಅಕ್ಕ ಮೊರ ಎತ್ತಿಕೊಂಡು ಒಳಗೆ ಹೋದಳು.

೧೯ ಫೆಬ್ರವರಿ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಒಂದೇ ಸಂಗತಿ, ಬರೆಯಬಾರದು ಎಂದುಕೊಂಡದ್ದೂ ಅದೇ.

ಇವತ್ತು ಮಾತ್ರ ಬರೆಯಬೇಕು. ಮಧ್ಯಾಹ್ನ ಯಾರ್ಡಿನ ಬೇವಿನ ಗಿಡದ ಕೆಳಗೆ ಶಿವಗಂಗವ್ವ ನಿಂತಿದ್ದಳು. ಒಬ್ಬಳೇ. ಸಂಶಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಇಲ್ಲಿಗೆ ಬಸ್ಸು ಬದಲಿಸಿ ಬಂದಿದ್ದಳು. ಹಮಾಲರು ಚೀಲ ಹೊತ್ತುಕೊಂಡೇ ನಿಂತು ನೋಡುತ್ತಿದ್ದರು. ಇಮಾಮುದ್ದೀನ ಗದರಿಸಿ ಅವರನ್ನೆಲ್ಲ ಆ ಬಾಜುವಿಗೆ ಅಟ್ಟಿದ.

"ಒಂದ ಮಾತು ಕೇಳಿ ಹೋಗ್ತೀನ್ರಿ," ಎಂದಳು. "ಮನಸಿಲ್ಲಂದ್ರ ಇಲ್ಲ ಅಂತ ಹೇಳ್ರಿ. ಸುಗ್ಗಿ ಮ್ಯಾಲ ಹಾಕಬ್ಯಾಡ್ರಿ. ಸುಗ್ಗಿ ವರ್ಷಾ ಬರತೈತಿ."

ಸುಳ್ಳು ಹೇಳಲು ಬಾಯಿ ತೆರೆದವನು ಖರೆಯನ್ನೇ ಹೇಳಿಬಿಟ್ಟೆ. ಎದೆ ತಪ್ಪುವುದು, ಕಣ್ಣು ಕತ್ತಲಾಗುವುದು, ಎಲ್ಲ. "ನಿಮಗ ಒಮ್ಮಿ ಆಗಿದ್ದು ಸಾಕ್ರಿ. ಎರಡನೇ ಸಲ ನನ್ನಿಂದ ಆಗೂದು ಬ್ಯಾಡ."

ಅಳುತ್ತಾಳೆ ಎಂದುಕೊಂಡಿದ್ದೆ. ಸೆರಗು ಬಿಗಿ ಮಾಡಿಕೊಂಡಳು.

"ಅವರು ಹೊಲದಾಗ ಬಿದ್ದಾಗ ನಾ ಮನ್ಯಾಗ ರೊಟ್ಟಿ ಬಡೀತಿದ್ದೆ. ಬಂದು ಹೇಳೂದ್ರಾಗ ಎಲ್ಲಾ ಮುಗದಿತ್ತು. ದವಾಖಾನಿಗೆ ಒಯ್ಯಾಕ ಆಗಲಿಲ್ಲಲಾ, ಅದ ನನ್ನ ಇವತ್ತಿಗೂ ಕಾಡತೈತಿ. ನೀವು ಎದ್ದ ನಿಂತೀರಿ. ನಿಮ್ಮನ್ನ ಒಯ್ಯಾಕ ಬರತೈತಿ. ಸೋಮವಾರ ಹುಬ್ಬಳ್ಳಿಗೆ ಹೋಗೂಣು."

"ಮತ್ತ ಉಡಿಕಿ ಮಾತು?"

"ಅದನ್ನ ಆಮ್ಯಾಲ ನೋಡೂಣು. ಮದ್ಲ ಎದಿ."

ತಿರುಗಿ ನಡೆದೇಬಿಟ್ಟಳು. ಬಸ್ ಸ್ಟ್ಯಾಂಡಿನ ತನಕ ಇಮಾಮುದ್ದೀನ ಹಿಂದೆ ಹಿಂದೆ ಹೋಗಿ ಹತ್ತಿಸಿ ಬಂದ. ನನ್ನ ಬೆನ್ನಿಗೊಂದು ಗುದ್ದಿದ.

೨೪ ಫೆಬ್ರವರಿ, ರಾತ್ರಿ ಊಟ ಆಗಿ

ಹುಬ್ಬಳ್ಳಿ. ದೊಡ್ಡ ಆಸ್ಪತ್ರೆ. ಅಕ್ಕ, ಶಿವಗಂಗವ್ವ, ನಾನು. ಒಳಗೆ ಹೋಗುವ ಮುಂಚೆ ಬಾಯಲ್ಲಿದ್ದ ಕಡ್ಡಿ ಉಗುಳಿ ಬಾಯಿ ಮುಕ್ಕಳಿಸಿದೆ. ದೊಡ್ಡವರ ಮುಂದೆ ಏನು ಜಗಿಯುವುದು.

ಡಾಕ್ಟರ್ ಕೃಷ್ಣಾಜಿ. ವಯಸ್ಸಾದವರು, ನಿಧಾನದ ಮನುಷ್ಯ. ಎದೆಗೆ ತಣ್ಣಗಿನ ಬಟ್ಟಲುಗಳನ್ನು ಅಂಟಿಸಿ ಇ.ಸಿ.ಜಿ. ತೆಗೆಸಿದರು. ರಕ್ತ ತೆಗೆದರು. ರಿಪೋರ್ಟಿಗೆ ಸಂಜೆಯ ತನಕ ಕಾದೆವು. ಆ ಹೊತ್ತು ಹೇಗೆ ಹೋಯಿತೋ. ಅಕ್ಕ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು. ಶಿವಗಂಗವ್ವ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ, ಡಾಕ್ಟರರ ಬಾಗಿಲನ್ನೇ ನೋಡುತ್ತಿದ್ದಳು.

"ನಿಮ್ಮ ಎದಿ ಕೆಟ್ಟಿಲ್ಲ," ಎಂದರು ಡಾಕ್ಟರು, ಮೊದಲ ಮಾತೇ ಅದು. "ಎದಿ ಸರಿಯಾಗಿ ಬಡೀಲಿಕ್ಕೆ ರಕ್ತದಾಗ ಒಂದು ಥರದ ಉಪ್ಪು ಬೇಕು. ಪೊಟ್ಯಾಷಿಯಂ ಅಂತಾರ. ನಿಮಗ ಅದು ಭಾಳ ಇಳದದ. ನೀರಿನ ಗುಳಿಗಿ ನೀರಿನ ಜೋಡಿ ಅದನ್ನೂ ಹೊರಗ ಹಾಕ್ತದ. ಹಿಂಗಾಗಿ ಬಡಿತ ತಪ್ಪತದ."

ಗುಳಿಗೆ ಬದಲಿಸಿದರು. ಪೊಟ್ಯಾಷಿಯಂ ಔಷಧ ಬರೆದುಕೊಟ್ಟರು, ಊಟವಾದ ಮೇಲೆ ತುಂಬ ನೀರಿನಲ್ಲಿ ಕಲಸಿ ಕುಡಿಯಬೇಕು. ಜೊತೆಗೆ ಎಳನೀರು, ಬಾಳೆಹಣ್ಣು. ಕೆಂಪು ಟಾನಿಕ್ ಬಿಡಿ ಎಂದರು. ಇಲ್ಲಿ ಬೆರಳೆತ್ತಿ, "ಇದು ಟಾನಿಕ್ ಅಲ್ಲ ಮತ್ತ. ಹೇಳಿದಷ್ಟs ಕುಡೀರಿ. ಹೆಚ್ಚಾದ್ರ ಎದಿ ನಿಂತs ಬಿಡ್ತದ. ಎರಡು ವಾರಕ್ಕ ಬಂದು ಮತ್ತ ರಕ್ತ ಕೊಡ್ರಿ."

ಈಗಷ್ಟೇ ಮೊದಲ ಸಲ ಕುಡಿದೆ. ಉಪ್ಪು, ಕಹಿ, ಮೇಲೆ ಕಿತ್ತಳೆಯ ಸುಳ್ಳು ವಾಸನೆ. ಥೂ. ಆದರೂ… ಎದಿ ಕೆಟ್ಟಿಲ್ಲ. ಎದಿ ಕೆಟ್ಟಿಲ್ಲ.

೫ ಮಾರ್ಚ್

ವಾಸಿ. ಕಾಲಿನ ಸೆಳೆತ ಕಡಿಮೆ. ಬಡಿತ ತಪ್ಪುವುದು ಕಡಿಮೆ. ಆದರೆ ನಿಂತಿಲ್ಲ. ಹತ್ತಿ ಲಿಲಾವಿನಲ್ಲಿ ಇವತ್ತು ಮತ್ತೆ ಕುಳಿತುಕೊಳ್ಳಬೇಕಾಯಿತು.

ಇಮಾಮುದ್ದೀನ ಪೊಟ್ಯಾಷಿಯಂ ಬಾಟಲಿ ಎತ್ತಿ ನೋಡಿ, "ನನಗೂ ಏರಿ ಹತ್ತಿದ್ರ ಎದಿ ಹಾರತೈತಿ. ಒಂದ ಮುಚ್ಚಳಾ ಹಾಕು," ಎಂದ. ಕಸಿದುಕೊಂಡೆ. "ರಕ್ತಾ ಕೊಟ್ಟು ನೋಡಿಸ್ಕೊ, ಆಮ್ಯಾಲ ಕೇಳು." ಸಿಟ್ಟು ಬಂತು ಅವನಿಗೆ. ಬರಲಿ.

೧೦ ಮಾರ್ಚ್, ಸೋಮವಾರ

ಏನು ದಿನ ಇದು.

ಮತ್ತೆ ಹುಬ್ಬಳ್ಳಿ, ಮತ್ತೆ ನಾವು ಮೂವರು. ರಕ್ತ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಏರಬೇಕಾದಷ್ಟು ಏರಿಲ್ಲವಂತೆ. ಬಿ.ಪಿ.ಯೂ ಇಳಿದಿಲ್ಲ. ಔಷಧ ಕುಡಿಯುತ್ತೀರೋ ಇಲ್ಲವೋ ಎಂದರು. ನನಗಿಂತ ಮೊದಲು ಅಕ್ಕ ಆಣೆ ಮಾಡಿದಳು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಬಾಯಾಗ ಏನದ?"

ಕಾಯುತ್ತ ಕೂತಾಗ ಕಡ್ಡಿ ಇಟ್ಟುಕೊಂಡಿದ್ದೆ. ಉಗುಳುವುದು ಮರೆತಿದ್ದೆ.

"ಏನಿಲ್ರಿ. ಜೇಷ್ಠಮಧು. ಗಂಟಲಿಗೆ."

"ದಿನಾ?"

"ಮುಂಜಾನಿಂದ ಸಂಜಿತನ ಇರತೈತ್ರಿ. ಮಲಗೂ ಮುಂದ ಕಷಾಯ."

"ಎಂದಿನಿಂದ?"

"ದೀಪಾವಳಿಯಿಂದ್ರಿ."

ಡಾಕ್ಟರು ಚಷ್ಮಾ ತೆಗೆದು ಟೇಬಲ್ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡೆ. "ತಪ್ಪು ನಂದೂ ಅದ. ಮೊದಲ ದಿನಾನs ಕೇಳಬೇಕಾಗಿತ್ತು," ಎಂದರು. "ಒಂದೆರಡು ದಿನ ಗಂಟಲಿಗೆ ಒಂದು ಚೂರು ಚೀಪಿದ್ರ ಏನೂ ಆಗೂದಿಲ್ಲ. ನಿಮ್ಮಂಗ ತಿಂಗಳಗಟ್ಟಲೆ ತಿಂದ್ರ ಬಿ.ಪಿ. ಏರಸೂದೂ ಅದs, ಪೊಟ್ಯಾಷಿಯಂ ಇಳಸೂದೂ ಅದs. ನಾ ಒಂದು ಕಡೆಯಿಂದ ತುಂಬಲಿಕ್ಕೆ ಹತ್ತೀನಿ, ನೀವು ಇನ್ನೊಂದು ಕಡೆಯಿಂದ ಚೆಲ್ಲಲಿಕ್ಕೆ ಹತ್ತೀರಿ. ಇವತ್ತಿನಿಂದ ಬಂದ್. ಔಷಧ ಮುಂದುವರಸ್ರಿ. ಕೆಲವು ವಾರದಾಗ ಎಲ್ಲಾ ಸರಿಯಾಗ್ತದ."

ನನಗೆ ನಗು ಬಂತು. ತಡೆಯಲು ಆಗಲೇ ಇಲ್ಲ. ಯಾವುದೋ ದೊಡ್ಡ ರೋಗ ಒಳಗೆ ಕೂತಿದೆ ಎಂದು ಎರಡು ತಿಂಗಳು ನಡುಗಿದೆನಲ್ಲ, ಅದು ಒಂದು ಬೇರು! ಕಿಟಕಿಯಿಂದ ಉಗುಳಿ ಬಂದೆ.

ತಿರುಗಿ ನೋಡಿದರೆ ಶಿವಗಂಗವ್ವನ ಮುಖದಲ್ಲಿ ರಕ್ತವಿಲ್ಲ.

ಬಸ್ ಸ್ಟ್ಯಾಂಡಿನ ತನಕ ನಮಗಿಂತ ಮುಂದೆ ನಡೆದಳು. ಸಂಶಿಗೆ ಹೋಗುವ ಕುಂದಗೋಳ ಕಡೆಯ ಬಸ್ಸು ಹತ್ತುವಾಗ ಅಕ್ಕನ ಕಡೆ ತಿರುಗಿ ಹೇಳಿದಳು, "ಕುಟ್ಟಿ ಪುಡಿ ಮಾಡಿ ಡಬ್ಬಿ ತುಂಬಿ ಕಳಸಿದಾಕಿ ನಾನs ಅಲ್ಲನ್ರಿ."

ಬಸ್ಸು ಹೋಯಿತು.

೧೪ ಮಾರ್ಚ್

ಅಕ್ಕ ಸಂಶಿಗೆ ಹೋಗಿ ಬಂದಳು. ಆಕೆ ಒಲ್ಲೆ ಎಂದಳಂತೆ.

"ನನ್ನ ಕೈಗುಣ ಛಲೋ ಅಲ್ಲ ಅಂತಾಳ. ಒಬ್ಬಾಂವನ್ನ ಉಳಿಸ್ಕೊಳ್ಳಾಕ ಆಗಲಿಲ್ಲ, ಇನ್ನೊಬ್ಬರಿಗೆ ಕೈಯಾರೆ ರೋಗಾ ಕೊಟ್ಟೆ ಅಂತಾಳ. ನಾ ಎಷ್ಟ ಹೇಳಿದ್ರೂ ಕೇಳವಲ್ಲಳು."

ಕಡ್ಡಿಯಿಲ್ಲದೆ ದನಿ ಒಡೆದಿದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸುತ್ತೇನೆ. ನನಗೆ ಕೆಲಸ ಕೊಟ್ಟಿರುವ ಸಾವ್ಕಾರ ಕುಬೇರಪ್ಪನವರು ಒಳ್ಳೆಯವರು, ಅರ್ಧ ದಿನ ನೀನು ಕೂಗು, ಅರ್ಧ ದಿನ ಇಮಾಮುದ್ದೀನ ಕೂಗಲಿ ಎಂದಿದ್ದಾರೆ. ಅವನು ದರ ಕೂಗುವುದು ಕೇಳಿದರೆ ಎತ್ತು ಬೆದರುತ್ತವೆ. ಸಿಟ್ಟು ಮರೆತಿದ್ದಾನೆ.

ಸಂಶಿಗೆ ಹೋಗಬೇಕು. ಈಗಲ್ಲ. ಎದೆ ಪೂರ್ತಿ ಸರಿಯಾಗಿ, ಕೈಯಲ್ಲಿ ಹಿಡಿದು ತೋರಿಸುವ ಹಾಗೆ ಆದಮೇಲೆ. ಬರೀ ಬಾಯಿಮಾತಿಗೆ ಆಕೆ ಒಪ್ಪುವವಳಲ್ಲ.

೪ ಏಪ್ರಿಲ್

ನಿನ್ನೆ ಇ.ಸಿ.ಜಿ. ಪಟ್ಟಿ ಸರಿ. ರಕ್ತ ಸರಿ. ಬಿ.ಪಿ. ಇಳಿದಿದೆ. ಔಷಧ ಇನ್ನು ಸಾಕು ಎಂದರು ಕೃಷ್ಣಾಜಿ ಡಾಕ್ಟರು. ಇವತ್ತು ಮುಂಜಾನೆಯ ಬಸ್ಸಿಗೇ ಸಂಶಿಗೆ ಹೋದೆ.

ಬಾಲವಾಡಿ. ಮಕ್ಕಳು ಸಾಲಾಗಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದವು. ಬಡಿಸುತ್ತಿದ್ದವಳು ನನ್ನನ್ನು ನೋಡಿ ಸವುಟು ಹಿಡಿದುಕೊಂಡೇ ಹೊರಗೆ ಬಂದಳು. ಕಟ್ಟೆಯ ಮೇಲೆ ಇ.ಸಿ.ಜಿ. ಪಟ್ಟಿ ಬಿಚ್ಚಿ ಹಾಸಿದೆ.

"ಡಾಕ್ಟರ್ ಸರಿ ಐತಿ ಅಂದಾರ್ರಿ. ಎಲ್ಲೂ ತಪ್ಪಿಲ್ಲ."

ಬಗ್ಗಿ ನೋಡಿದಳು. ಬೆರಳಿಟ್ಟು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಗೆರೆಯ ಗುಂಟ ಹೋದಳು. ತಿಳಿಯುವವರಂತೆ.

"ಛಲೋ ಆತ್ರಿ. ನನ್ನಿಂದ ದೂರ ಇದ್ದೀರಿ, ಸರಿಯಾತು."

"ಹಂಗಲ್ರಿ. ನೀವು ಡಬ್ಬಿ ಕಳಸೂಕಿಂತ ಮದ್ಲs ನಾ ಅದನ್ನ ಜಗ್ಯಾಕತ್ತಿದ್ದೆ. ನೀವು ಒಂದ ಚಮಚಾ ಅಂದಿದ್ರಿ, ನಾ ಮೂರು ಹಾಕೀನಿ. ಡಾಕ್ಟರಿಗೆ ಹೇಳದs ಮುಚ್ಚಿಟ್ಟಾಂವ ನಾನು. ನಿಮ್ಮ ಪುಡಿದೂ ಪಾಲೈತಿ, ಇಲ್ಲನ್ನೂದಿಲ್ಲ. ಆದ್ರ ಅವತ್ತು ಯಾರ್ಡಿಗೆ ಬಂದು ನಿಂತು, ಸೋಮವಾರ ಹೋಗೂಣು ಅಂದಾಕಿನೂ ನೀವ ಅಲ್ಲನು? ನೀವು ಬರದಿದ್ರ ನಾ ದವಾಖಾನಿ ಬಾಗಲಾ ಕಾಣ್ತಿದ್ದಿಲ್ಲ. ಅದನ್ನ ಬಿಟ್ಟು ಪುಡಿ ಒಂದನ್ನ ಹಿಡಕೊಂಡು ಕುಂತ್ರ ಹೆಂಗ್ರಿ?"

ಇಷ್ಟು ಮಾತು ಒಂದೇ ಉಸಿರಿಗೆ ನಾನು ಲಿಲಾವಿನಲ್ಲೂ ಆಡಿಲ್ಲ. ಕೊನೆಗೆ ದನಿ ಕಿರುಗುಟ್ಟಿ ನಿಂತಿತು.

ಆಕೆ ಅಳುತ್ತಿದ್ದಳು. ಎಂಟು ವರ್ಷದ ಅಳು ಇರಬೇಕು. ನಾನು ಬೇರೆ ಕಡೆ ನೋಡಿದೆ. ಒಳಗೆ ಒಂದು ಮಗು ಇನ್ನಷ್ಟು ಉಪ್ಪಿಟ್ಟು ಎಂದು ಕೂಗಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಗಂಟಲಾ ಹೆಂಗೈತ್ರಿ ಈಗ?"

"ಒಡದೈತ್ರಿ."

"ಕೇಳಿದ್ರs ಗೊತ್ತಾಗತೈತಿ." ಅರೆಗಳಿಗೆ ನಕ್ಕಳು. ಒಳಗೆ ಹೋಗುತ್ತ ಬಾಗಿಲಲ್ಲಿ ನಿಂತು, "ಅಕ್ಕನ್ನ ಕಳಸ್ರಿ," ಎಂದಳು. "ಯುಗಾದಿ ಆದಮ್ಯಾಲ."

ಬಸ್ಸಿಗೆ ಕಾಯದೆ ಮುಂದಿನ ಸ್ಟಾಪಿನ ತನಕ ನಡೆದೇ ಹೋದೆ.

೧೨ ಮೇ, ಸೋಮವಾರ. ಮುಂಜಾನೆ

ನಿನ್ನೆ ಮಠದಲ್ಲಿ ಉಡಿಕೆ ಆಯಿತು. ಹತ್ತಿರದವರಷ್ಟೇ. ಹುಗ್ಗಿ ಊಟ. ಅಕ್ಕ ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತಳಂತೆ, ಸಂತೋಷಕ್ಕೆ.

ಮುಂಜಾನೆ ಎದ್ದು ಬಹಳ ಹೊತ್ತಾದ ಮೇಲೆ ನೆನಪಾಯಿತು, ನಾಡಿ ಹಿಡಿದು ನೋಡಿಲ್ಲ. ಮೂರು ತಿಂಗಳಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ. ಈಗಲೂ ನೋಡಲಿಲ್ಲ.

ಆಕೆಗೆ ಇನ್ನೂ 'ರಿ' ಹಚ್ಚಿಯೇ ಮಾತಾಡುತ್ತೇನೆ. ಬಿಡಲು ಬಾಯಿ ಬರುತ್ತಿಲ್ಲ. ಅಕ್ಕ ನಗುತ್ತಾಳೆ. ಚಹಾ ಆರುತ್ತದೆ ಎಂದು ಆಕೆ ಒಳಗಿನಿಂದ ಎರಡು ಸಲ ಕರೆದಾಯಿತು. ಸಂಜೆ ಯಾರ್ಡಿನಿಂದ ಬೇಗ ಬಂದರೆ ಇಬ್ಬರೂ ಕೂಡಿ… ಮೂರನೇ ಸಲ ಕರೆದಳು, ಎದ್ದೆ.