ಕೆಂಚಕ್ಕನ ಬದುವಿಗೆ ಬಂದು ನಿಂತ ದಾರಿ

ನಮ್ಮ ತಾಲೂಕಿನ ತಹಶೀಲ್ದಾರ್ ಸಾಹೇಬರೇ,

ನನಗೆ ಹೊಟ್ಟೆಕಿಚ್ಚಾಗಿದೆ. ಇದನ್ನು ನಾಲ್ಕು ಜನರೆದುರು ಒಪ್ಪಿಕೊಳ್ಳುವ ಹೆಂಗಸು ನಾನಲ್ಲ. ಆದರೆ ಕಿಚ್ಚು ಹಚ್ಚಿದವರು ತಾವು. ಅದಕ್ಕೇ ತಮಗೆ ಬರೆದು, ಪತ್ರಿಕೆಗೂ ಕಳಿಸುತ್ತಿದ್ದೇನೆ.

ನಮ್ಮೂರಿನಿಂದ ಆ ಕಡೆಯ ಹೊಲಗಳಿಗೆ ಇರುವುದು ಒಂದೇ ಬಂಡಿದಾರಿ. ಸರ್ಕಾರದ ನಕಾಶೆಯಲ್ಲಿ ಅದು ಕೆಂಚಕ್ಕನ ಹೊಲ ಮುಟ್ಟಿ, ನನ್ನ ಹೊಲ ದಾಟಿ, ಪಾಲಣ್ಣನ ಹೊಲದ ಹತ್ತಿರ ಮುಗಿಯುತ್ತದೆ. ದಾರಿಯ ಪಕ್ಕಕ್ಕೇ ದಾಳಿಂಬೆ ತೋಟ ಮಾಡಿರುವ ದೊಡ್ಡ ಮನುಷ್ಯರೊಬ್ಬರು ಆ ದಾರಿಯನ್ನು ಉದ್ದಕ್ಕೂ ತಮ್ಮ ತಂತಿಬೇಲಿಯೊಳಗೆ ಸೇರಿಸಿಕೊಂಡರು. ಅಂದಿನಿಂದ ನಾವು ಮೂರೂ ಮನೆಯವರು ಬೀಜವನ್ನೂ ಬೆಳೆಯನ್ನೂ ತಲೆಯ ಮೇಲೆ ಹೊತ್ತು ಬದುವಿನ ಮೇಲೆ ಓಡಾಡುತ್ತಿದ್ದೇವೆ. ಒತ್ತುವರಿ ತೆಗೆಸುವುದು ತಮ್ಮ ಕರ್ತವ್ಯವೆಂದು ಕಾನೂನಿದೆಯಂತೆ. ತಮಗೆ ಯಾರೂ ಹೇಳಿರಲಿಲ್ಲವೇನೋ.

ಕೆಂಚಕ್ಕ ಧಾರವಾಡದ ಹೈಕೋರ್ಟಿಗೆ ಹೋದಳು. ಹೋಗುವ ಮುಂಚೆ ನನ್ನನ್ನೂ ಕರೆದಳು.

"ಪಕ್ಕೀರಕ್ಕ, ನೀನೂ ಸೇರ್ಕ. ನಿಂದೂ ನಂದೂ ಒಂದ ದಾರಿ ಐತಿ."

"ಸಾಹೇಬ್ರ ಮ್ಯಾಲ ಕೇಸ್ ಹಾಕ್ತಿಯೇನ? ನಮ್ಮ ಮನಿತನದಾಗ ಅಂಥಾದ್ದಿಲ್ಲವ್ವ" ಎಂದೆ.

ನನ್ನ ಮಾವನವರ ಕಟ್ಟೆಯ ಮುಂದೆ ಊರ ಜಗಳಗಳೆಲ್ಲ ಬಗೆಹರಿಯುತ್ತಿದ್ದವು. ಆ ಮನೆಯ ಸೊಸೆ ಕೋರ್ಟು ಹತ್ತುವುದೇ? ನಾನು ಹತ್ತನೆಯ ತರಗತಿ ಓದಿದವಳು. ಸ್ವಂತ ಕೈಯಿಂದ ಅರ್ಜಿ ಬರೆದು, ತಮ್ಮ ಕಚೇರಿಯಲ್ಲಿ ಸೆರಗು ಹೊದ್ದು ನಿಂತು ಕೊಟ್ಟೆ. "ನೋಡೋಣಮ್ಮ" ಎಂದಿರಿ, ತಲೆ ಎತ್ತದೆ. ನಾನು ನಂಬಿದೆ.

ಕೆಂಚಕ್ಕನ ಹೊಲಕ್ಕೆ ದಾರಿ ಬಿಡಿಸಿಕೊಡಿ ಎಂದು ಕೋರ್ಟು ತಮಗೆ ಆಜ್ಞೆ ಮಾಡಿತು. ಆಹಾ, ಆ ಬೆಳಗಿನ ವೈಭವ! ತಮ್ಮ ಜೀಪು, ಸರ್ವೇಯರು, ಪೊಲೀಸರು, ಹಿಂದೆ ಜೆಸಿಬಿ. "ಬನ್ನಿ ಅಮ್ಮಾ, ನೆರಳಿಗೆ ನಿಲ್ಲಿ" ಎಂದು ಕೆಂಚಕ್ಕನಿಗೆ ಉಪಚಾರ ಬೇರೆ. ಬೇಲಿ ಕೀಳುತ್ತ ಬಂದ ಜೆಸಿಬಿ ಅವಳ ಬದುವಿಗೆ ಬಂದು ನಿಂತಿತು.

"ಇನ್ನೂ ದಾರಿ ಐತಲ್ರಿ ಸಾಹೇಬ್ರ, ಹಂಗ ಮುಂದಕ್ಕ ಹೋಗ್ಲೇನ್ರಿ?" ಎಂದು ಡ್ರೈವರ್ ಕೇಳಿದ.

"ಬ್ಯಾಡ. ಆರ್ಡರ್ ಇಲ್ಲೀತನಕ ಐತಿ" ಎಂದಿರಿ.

ನಾನು ಆಚೆಯ ಬದುವಿನ ಮೇಲೆ ನಿಂತು ಕೇಳಿಸಿಕೊಂಡೆ. ಅದೇ ದಾರಿ, ಅದೇ ಬೇಲಿ, ಅದೇ ಕಳ್ಳತನ. ಕಾನೂನು ಕೆಂಚಕ್ಕನ ಬದುವಿನಲ್ಲಿ ಮುಗಿದುಹೋಗುತ್ತದೆಯೇ? ಬೇರೆಯವರು ಹೇಳಿದಷ್ಟೇ ಮಾಡುವುದಾದರೆ ತಮ್ಮ ಕುರ್ಚಿಯಲ್ಲಿ ಆ ಡ್ರೈವರನನ್ನೇ ಕೂರಿಸಬಹುದಲ್ಲ? ಮುಂದೆ ದಾರಿ ಇದೆಯೆಂದು ಅವನಿಗಾದರೂ ಕಂಡಿತ್ತು.

ಗುಡೇಕೋಟೆ ಕಡೆಯಿಂದ ಯರ್ರೆಪ್ಪ ವರ್ಷವರ್ಷ ಕುರಿಮಂದೆ ತರುತ್ತಾನೆ. ಬಿತ್ತನೆಗೆ ಮೊದಲು ಹೊಲದಲ್ಲಿ ಮಂದೆ ತಂಗಿದರೆ ಆ ಗೊಬ್ಬರವೇ ನಮ್ಮ ಕೆಂಪು ಮಣ್ಣಿಗೆ ಜೀವ. ಮಂದೆ ಮೊದಲು ಇಳಿಯುವುದು ನಮ್ಮ ಹೊಲದಲ್ಲಿ, ಆಮೇಲೆ ಉಳಿದವರಲ್ಲಿ. ಮಾವನವರ ಕಾಲದಿಂದ ನಡೆದುಬಂದ ಮರ್ಯಾದೆ ಅದು. ಈ ಸಲ ಯರ್ರೆಪ್ಪ, "ಏನ್ ಮಾಡ್ಲೆವ್ವ, ತಂತಿ ಹಾರ್ಸಿ ಕುರಿ ಒಯ್ಯಾಕ ಬರ್ತೈತೇನು?" ಎಂದು ಕೆಂಚಕ್ಕನ ಹೊಲದಲ್ಲಿಯೇ ಸುತ್ತಲೂ ಬಲೆ ಕಟ್ಟಿ ಮಂದೆ ನಿಲ್ಲಿಸಿದ. ಅವಳೋ ಕೋರ್ಟಿನ ಆಜ್ಞೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಗಾಜಿನ ಕಟ್ಟು ಹಾಕಿಸಿ, ಉಜ್ಜಿನಿ ಮರುಳಸಿದ್ಧನ ಪಟದ ಪಕ್ಕ ತೂಗುಹಾಕಿ, ಕುಂಕುಮ ಹಚ್ಚಿದ್ದಾಳೆ. ನಾನು ಹೋದರೆ ಸರಿಯಾಗಿ ಅದರ ಎದುರಿಗೇ ಚಾಪೆ ಹಾಸುತ್ತಾಳೆ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಬೇಲಿಯ ಯಜಮಾನರು ನನ್ನ ಮಗ ಬೀರಲಿಂಗೇಶನಿಗೆ ಹೇಳಿಕಳಿಸಿದ್ದಾರೆ: ದಾರಿಯಿಲ್ಲದ ಹೊಲ ಇಟ್ಟುಕೊಂಡು ಏನು ಮಾಡುತ್ತೀರಿ, ನಮಗೇ ಕೊಟ್ಟುಬಿಡಿ. "ಅವ್ವ, ಈ ವರ್ಷನೂ ಹಿಂಗ ಆದ್ರ ಕೊಟ್ಟಬಿಡಾಣು" ಎಂದು ಮಗನೂ ಶುರುಮಾಡಿದ್ದಾನೆ. ದಾರಿ ಕದ್ದವರಿಗೇ ಹೊಲವನ್ನೂ ಬರೆದುಕೊಡಬೇಕಂತೆ. ತಮ್ಮ "ಇಲ್ಲೀತನಕ" ಎಂಬ ಮಾತು ನನ್ನನ್ನು ಎಲ್ಲಿಯತನಕ ತಂದಿದೆ, ನೋಡಿ.

ಮೊನ್ನೆ ಕೆಂಚಕ್ಕ ಬಂದು, "ನಡಿ ಅಕ್ಕ, ನಮ್ಮ ವಕೀಲರ ಹತ್ರ ನಾನ ಕರ್ಕೊಂಡು ಹೊಕ್ಕೀನಿ. ಅಲ್ಲೆಲ್ಲ ನಿನಗ ತಿಳಿಯಂಗಿಲ್ಲ" ಎಂದಳು. ನನಗೆ! ಹೆಬ್ಬೆಟ್ಟು ಒತ್ತುವ ಕೆಂಚಕ್ಕ!

ಆದ್ದರಿಂದ ಕೇಳುತ್ತಿದ್ದೇನೆ. ಯರ್ರೆಪ್ಪ ಬಲೆ ಬಿಚ್ಚಿಕೊಂಡು ಹೊರಡುವುದರೊಳಗೆ ಆ ಜೆಸಿಬಿ ನಿಂತ ಜಾಗದಿಂದ ಮುಂದಕ್ಕೆ ಹೋಗಬೇಕು. ನನ್ನ ಹೊಲಕ್ಕೂ ನಿಲ್ಲಬಾರದು, ಪಾಲಣ್ಣನ ಹೊಲದವರೆಗೆ ಹೋಗಬೇಕು. ಪಾಲಣ್ಣ ನನ್ನ ಮೇಲೆ ಹೊಟ್ಟೆಕಿಚ್ಚು ಪಡುವುದಾದರೆ ನನ್ನ ಎತ್ತು ನೋಡಿ ಪಡಲಿ, ನನ್ನ ಸೊಸೆ ರೋಜಾ ಬಡಿದ ರೊಟ್ಟಿ ತಿಂದು ಪಡಲಿ. ಸರ್ಕಾರದ ದಾರಿಯಲ್ಲಿ ನಡೆದದ್ದಕ್ಕೆ ಪಡುವುದು ಬೇಡ.

ಆಗುವುದಿಲ್ಲವೆಂದರೆ ನಾನೂ ಧಾರವಾಡದ ಬಸ್ಸು ಹತ್ತುತ್ತೇನೆ. ಕಿಟಕಿಯ ಸೀಟು ತನಗೇ ಎಂದು ಕೆಂಚಕ್ಕ ಈಗಲೇ ಹೇಳಿಟ್ಟಿದ್ದಾಳೆ. ಕೊಡುತ್ತೇನೆ. ಆ ಅವಮಾನಕ್ಕೂ ಸೇರಿಸಿ ತಮ್ಮನ್ನೇ ಲೆಕ್ಕ ಕೇಳುತ್ತೇನೆ.

ಇಂತಿ,
ದಾರಿ ನಿಂತ ಬದುವಿನ ಆಚೆ ಇನ್ನೂ ನಿಂತಿರುವ
ಪಕ್ಕೀರಮ್ಮ