ನನ್ನನ್ನು ದಾಟಿಹೋದ ಲೋಟ

ಜನವರಿ ೨೨, ಬುಧವಾರ. ಅಸುನ್ಸಿಯೋನ್.

ಸೆಕೆ ಇಳಿದಿಲ್ಲ, ನನ್ನ ಹೊಟ್ಟೆಯುರಿಯೂ ಇಳಿದಿಲ್ಲ.

ಬೆಳಗ್ಗೆಯಿಂದ ನನ್ನ ಕಂಪ್ಯೂಟರಿನಲ್ಲಿ ವೆಬ್‌ಸೈಟಿಗೆ ಡೇಟಾಬೇಸ್ ಸಿಗುತ್ತಲೇ ಇರಲಿಲ್ಲ. ಪಾಸ್‌ವರ್ಡ್ ಬದಲಿಸಿದೆ, ಎಲ್ಲವನ್ನೂ ಕಿತ್ತು ಮತ್ತೆ ಹಾಕಿದೆ. ಊಹೂಂ. ಹೊಸದಾಗಿ ಸೇರಿರುವ ನಿಮಿಯಾ ಹಿಂದಿನಿಂದ ಬಗ್ಗಿ ನೋಡಿದಳು.

"ಅಕ್ಕಾ, ಡೇಟಾಬೇಸ್ ಓಡ್ತಾನೇ ಇದೆ. ಅದು ೩೩೦೭ನೇ ಪೋರ್ಟ್‌ನಲ್ಲಿದೆ, ನಿಮ್ಮ ಕೋಡು ೩೩೦೬ರಲ್ಲಿ ಹುಡುಕ್ತಿದೆ."

ಒಂದು ಅಂಕಿ ತಿದ್ದಿದಳು. ಪುಟ ತೆರೆದುಕೊಂಡಿತು.

"ನೋಡ್ದೇನೇ ಮಿರ್ತಾ? ನೀನು ಮನೇನೇ ಕೆಡವಿ ಕಟ್ಟಿದೆ, ಅವಳು ಬಾಗಿಲು ತೋರಿಸಿದ್ಲು!" ಎಂದು ಪಕ್ಕದ ಮೇಜಿನ ಡೆರ್ಲಿಸ್ ನಕ್ಕ. ಏಳು ವರ್ಷದಿಂದ ಅವನ ಕೋಡು ಕೆಟ್ಟಾಗಲೆಲ್ಲ ಕರೆಯುತ್ತಿದ್ದದ್ದು ನನ್ನನ್ನು. ಇವತ್ತು ಮಧ್ಯಾಹ್ನ ಕರೆದದ್ದು, "ನಿಮಿಯಾ, ಇಲ್ಲಿ ಸ್ವಲ್ಪ ನೋಡಮ್ಮ."

ತೆರೆರೆ ಕುಡಿಯುವ ಹೊತ್ತಿಗೆ ಅವನು ಎಂದಿನಂತೆ ಸೊಪ್ಪಿನ ಮೇಲೆ ಐಸ್‌ನೀರು ಹೊಯ್ದು, ನಾವೆಲ್ಲ ಹಂಚಿಕೊಳ್ಳುವ ಆ ಒಂದೇ ಕೊಂಬಿನ ಲೋಟವನ್ನು ನನಗೇ ಮೊದಲು ಕೊಟ್ಟ. ಹಿಂದಿರುಗಿಸುವಾಗ ಸಿಟ್ಟಿನಲ್ಲಿ "ಗ್ರಾಸಿಯಾಸ್" ಅಂದುಬಿಟ್ಟೆ. ನಮ್ಮಲ್ಲಿ ಲೋಟ ವಾಪಸ್ ಕೊಡುತ್ತಾ ಥ್ಯಾಂಕ್ಸ್ ಹೇಳಿದರೆ ಇನ್ನು ಸಾಕು ಎಂದರ್ಥ. ಮತ್ತೆ ಯಾರೂ ಕೊಡುವುದಿಲ್ಲ.

"ಇಷ್ಟು ಬೇಗನೇನೇ?" ಎಂದ. ನಾನು ಕುರ್ಚಿಯನ್ನು ಕಂಪ್ಯೂಟರಿನತ್ತ ತಿರುಗಿಸಿಕೊಂಡೆ.

ಆಮೇಲೆ ಸಂಜೆಯವರೆಗೂ ಲೋಟ ನನ್ನನ್ನು ದಾಟಿ ನಿಮಿಯಾಳಿಗೆ, ಅವಳಿಂದ ಅವನಿಗೆ. ಪ್ರತಿ ಸಲ ಐಸ್ ಕಲಕಿದ ಸದ್ದು. ಈ ಧಗೆಯಲ್ಲಿ ಗಂಟಲೊಣಗಿಸಿಕೊಂಡು ಕೂತಿದ್ದೆ.

ಸಾಕು ಅಂದಿದ್ದು ನಾನೇ, ನಿಜ. ಆದರೆ ಏಳು ವರ್ಷ ಪಕ್ಕದಲ್ಲಿ ಕೂತವನು ಅದನ್ನು ನಂಬಿಬಿಡುವುದೇ?